ಹಳೆ ಗೀಸರ್ ಬದಲಿಸಲು ಈ ಬಿಸಿಲುಗಾಲವೇ ಸರಿಯಾದ ಹೊತ್ತು

ಮಾನ್ಯ ಸಂಪಾದಕರೇ,

ಯುಗಾದಿ ದಾಟಿ ಬಿಸಿಲು ಏರಿತೆಂದರೆ ನಮ್ಮ ಕಡೆ ಗೀಸರಿನ ನೆನಪು ಯಾರಿಗೂ ಇರುವುದಿಲ್ಲ. ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಸುಡುತ್ತಿರುತ್ತದೆ, ಸ್ವಿಚ್ ಹಾಕದೆ ವಾರಗಳು ಕಳೆಯುತ್ತವೆ. ಮುಂದೆ ಮೃಗಶಿರ ಮಳೆ ಹಿಡಿದು ಧಾರವಾಡದಲ್ಲಿ ಜಿಟಿಜಿಟಿ ಶುರುವಾದಾಗಲೋ, ದೀಪಾವಳಿಯ ಎಣ್ಣೆ ಸ್ನಾನದ ಬೆಳಗಿನಲ್ಲೋ ಅದರ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ. ಎಂಟು ಹತ್ತು ವರ್ಷದ ಗೀಸರ್ ಕೈಕೊಡುವುದು ಆಗಲೇ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರಂತೂ ಅಂದೇ ಸಂಜೆ ಅಂಗಡಿಗೆ ಓಡಬೇಕು. ಅಲ್ಲಿ ಯಾವುದಿದೆಯೋ ಅದನ್ನೇ ತರಬೇಕು. ಸೀಸನ್ನಿನಲ್ಲಿ ಕೆಲಸಗಾರನಿಗೂ ಪುರುಸೊತ್ತಿರುವುದಿಲ್ಲ. ಹಳೆಯ ಬೋಲ್ಟಿಗೇ ಹೊಸದನ್ನು ತೂಗುಹಾಕಿ, ಹಳೆಯ ವೈರು, ಹಳೆಯ ಸಾಕೆಟ್, ಹಳೆಯ ಪೈಪನ್ನೇ ಜೋಡಿಸಿ ಹೊರಟುಹೋಗುತ್ತಾನೆ. ಮನೆಗೆ ಹೊಸ ಗೀಸರ್ ಬಂತು, ಅಪಾಯ ಮಾತ್ರ ಹಳೆಯದೇ ಉಳಿಯಿತು.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಗೀಸರ್ ಕೆಡುವವರೆಗೆ ಕಾಯಬೇಡಿ. ಅದರ ಅಗತ್ಯವಿಲ್ಲದ ಈ ಏಪ್ರಿಲ್-ಮೇ ತಿಂಗಳಲ್ಲೇ ಒಮ್ಮೆ ಪರೀಕ್ಷಿಸಿ, ಅದರ ಕಾಲ ಮುಗಿದಿದ್ದರೆ ಈಗಲೇ ಬದಲಿಸಿ.

ಮೊದಲು ವಯಸ್ಸು ತಿಳಿಯಬೇಕು. ಗೀಸರಿನ ಪಕ್ಕದಲ್ಲೋ ತಳದಲ್ಲೋ ಒಂದು ಚೀಟಿ ಅಂಟಿಸಿರುತ್ತಾರೆ. ಎಷ್ಟು ಲೀಟರ್, ಎಷ್ಟು ವ್ಯಾಟ್, ಎಷ್ಟು ಒತ್ತಡ ತಡೆಯುತ್ತದೆ ಎಂಬುದರ ಜೊತೆ ತಯಾರಾದ ತಿಂಗಳು-ವರ್ಷವೂ ಅದರಲ್ಲಿ ಅಥವಾ ಸೀರಿಯಲ್ ನಂಬರಿನಲ್ಲಿ ಇರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಏಣಿ ಹತ್ತುವ ಕೆಲಸವೂ ಇಲ್ಲ. ಬರಿ ನಳದ ನೀರು ಬಳಸುವ ಮನೆಯಲ್ಲಿ ಒಳ್ಳೆಯ ಗೀಸರ್ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ ಬಾಳುತ್ತದೆ. ಬೋರ್ ನೀರಾದರೆ, ಅದರಲ್ಲೂ ಒಳಗಿನ ಜಂಗು ತಡೆಯುವ ರಾಡ್ (ಅದರ ವಿವರ ಮುಂದಿದೆ) ಒಮ್ಮೆಯೂ ಬದಲಿಸದಿದ್ದರೆ, ಐದಾರು ವರ್ಷಕ್ಕೇ ಗೀಸರಿನ ಒಳಟ್ಯಾಂಕು ಸೋತಿರುತ್ತದೆ.

ನಮ್ಮ ಭಾಗದಲ್ಲಿ ಇದೇ ಮುಖ್ಯ ಮಾತು. ಅವಳಿ ನಗರಕ್ಕೆ ಮಲಪ್ರಭೆಯ ನೀರು, ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಬರುತ್ತದೆ, ನಿಜ. ಆದರೆ ಎಷ್ಟೋ ಬಡಾವಣೆಗಳಲ್ಲಿ ನಳ ಬರುವುದು ಕೆಲವು ದಿನಗಳಿಗೊಮ್ಮೆ. ನಡುವಿನ ದಿನ ಮಾಳಿಗೆ ಟ್ಯಾಂಕು ತುಂಬುವುದು ಬೋರಿನಿಂದಲೇ. ಅದು ಸವಳು ನೀರು, ಸುಣ್ಣದಂಶ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎಂದಿದೆ. ನಿಮ್ಮ ಬೋರಿನದು 400 ಎಂದುಕೊಳ್ಳಿ. ದಿನಕ್ಕೆ 60 ಲೀಟರ್ ನೀರು ಗೀಸರಿನಲ್ಲಿ ಹಾದರೆ ವರ್ಷಕ್ಕೆ ಸುಮಾರು 8.8 ಕಿಲೋ ಸುಣ್ಣದಂಶ ಅದರೊಳಗೆ ಹಾದಂತಾಯಿತು. ನೂರಕ್ಕೆ ಐದು ಪಾಲು ಒಳಗೆ ಕೂತರೂ 400 ಗ್ರಾಂ ಮೀರುತ್ತದೆ. ಐದು ವರ್ಷದ ಗೀಸರಿನ ತಳ ಬಿಚ್ಚಿದಾಗ ಅಂಗೈ ತುಂಬ ಬಿಳಿ ಚಕ್ಕೆ ಉದುರುವುದು ಇದೇ ಕಾರಣಕ್ಕೆ. ನೀರು 60 ಡಿಗ್ರಿ ದಾಟಿದಷ್ಟೂ ಸುಣ್ಣ ಹೆಚ್ಚು ಕೂರುತ್ತದೆ. ಆದ್ದರಿಂದ ಬಿಸಿ ಹೊಂದಿಸುವ ಗುಬುಟನ್ನು ಕೊನೆಯವರೆಗೆ ತಿರುಗಿಸಿ 75ಕ್ಕೆ ಇಡುವ ರೂಢಿ ಬಿಟ್ಟು 55ರಿಂದ 60ರೊಳಗೆ ಇಟ್ಟುಕೊಳ್ಳಬೇಕು.

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಏರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನೀರಿನಲ್ಲೇ ಮುಳುಗಿ ಅದನ್ನು ಕಾಯಿಸುವ ಕಾಯಿಲ್‌ನ ಶಾಖ ಹೋಗಬೇಕಾದದ್ದು ನೀರಿಗೇ, ಬಿಲ್ಲಿನಲ್ಲಿ ಅಂಥ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಆಗುವ ಕೆಡುಕು ಬೇರೆ. ಸುಣ್ಣದ ಹೊದಿಕೆಯೊಳಗೆ ಕಾಯಿಲ್ ಅತಿಯಾಗಿ ಕಾಯ್ದು ಅದರ ಹೊರಗವಚ ಬಿರಿಯುತ್ತದೆ. ಪಕ್ಕದಲ್ಲೇ ಇದ್ದು ನೀರಿನ ಬಿಸಿ ನೋಡಿ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್ ಆ ಬಿಸಿಗೆ ಮೋಸಹೋಗಿ ಬೇಗ ಆಫ್ ಆಗುತ್ತದೆ. ಮನೆಯವರಿಗೆ ಕಾಣುವುದು ಇಷ್ಟು: ಕೆಂಪು ದೀಪ ಬೇಗ ಆರುತ್ತದೆ, ಆದರೆ ಒಂದು ಬಕೆಟ್ ತುಂಬುವಷ್ಟರಲ್ಲೇ ನೀರು ತಣ್ಣಗಾಗುತ್ತದೆ. ಲೆಕ್ಕ ತಿಳಿದಿದ್ದರೆ ಇದನ್ನು ಯಾರೂ ಹಿಡಿಯಬಹುದು. 2000 ವ್ಯಾಟಿನ 15 ಲೀಟರ್ ಗೀಸರ್ 20 ಡಿಗ್ರಿ ನೀರನ್ನು 60ಕ್ಕೆ ಏರಿಸಲು ಸುಮಾರು 21 ನಿಮಿಷ ಬೇಕು, 25 ಲೀಟರಿಗೆ 35 ನಿಮಿಷ. ಒಳಬರುವ ನೀರು ತಣ್ಣಗಿದ್ದು, ಗುಬುಟು 60ಕ್ಕೆ ಇದ್ದೂ ನಿಮ್ಮದು ಹತ್ತೇ ನಿಮಿಷಕ್ಕೆ ಆರಿದರೆ ಒಳಗೆ ಸುಣ್ಣ ತುಂಬಿರುವ ಸಾಧ್ಯತೆಯೇ ಹೆಚ್ಚು. ಅದಕ್ಕಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಂಡರೆ ಮೊದಲು ವೋಲ್ಟೇಜ್ ನೋಡಿ. 230ರ ಬದಲು 200 ವೋಲ್ಟ್ ಬಂದರೆ 2000 ವ್ಯಾಟಿನ ಕಾಯಿಲ್ 1500 ವ್ಯಾಟಿಗೆ ಇಳಿಯುತ್ತದೆ. ಅದು ಗೀಸರಿನ ತಪ್ಪಲ್ಲ.

ಗೀಸರಿನ ಒಳಟ್ಯಾಂಕಿನ ಆಯುಷ್ಯ ನಿಂತಿರುವುದು ಹೆಚ್ಚಿನ ಮನೆಯವರು ಹೆಸರೂ ಕೇಳಿರದ ಒಂದು ವಸ್ತುವಿನ ಮೇಲೆ, ಅದೇ ಮೆಗ್ನೀಷಿಯಂ ರಾಡ್. ಕೆಲಸಗಾರರು ಆನೋಡ್ ಎನ್ನುತ್ತಾರೆ. ಬೆರಳು ದಪ್ಪದ ಬೂದುಬಣ್ಣದ ಕಡ್ಡಿ, ನಡುವೆ ಒಂದು ಉಕ್ಕಿನ ತಂತಿ. ಟ್ಯಾಂಕಿನ ಉಕ್ಕನ್ನು ತಿನ್ನಬೇಕಾದ ನೀರು ಮೊದಲು ಈ ಕಡ್ಡಿಯನ್ನು ತಿನ್ನುತ್ತದೆ. ಕಡ್ಡಿ ಇರುವವರೆಗೆ ಟ್ಯಾಂಕಿಗೆ ಜಂಗು ಹಿಡಿಯುವುದಿಲ್ಲ. ಅದು ಕರಗಿ ತಂತಿ ಕಂಡಿತೆಂದರೆ, ಒಳಗಿನ ಗಾಜಿನ ಲೇಪದಲ್ಲಿ ಎಲ್ಲಿ ಸೂಜಿಮೊನೆಯಷ್ಟು ಬಿರುಕಿದೆಯೋ ಅಲ್ಲಿಂದ ಟ್ಯಾಂಕು ತೂತಾಗಲು ಶುರು. ಬೋರ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ತೆಗೆದು ನೋಡಿ, ಅರ್ಧ ಸವೆದಿದ್ದರೆ ಬದಲಿಸಬೇಕು. ಕೆಲವು ನೂರು ರೂಪಾಯಿಯ ಈ ಕೆಲಸ ಮಾಡದೆ ಸಾವಿರಗಟ್ಟಲೆ ಬೆಲೆಯ ಟ್ಯಾಂಕು ಕಳೆದುಕೊಳ್ಳುವವರೇ ಹೆಚ್ಚು. ಸರ್ವಿಸ್ ಎಂದು ಬಂದವರು ಹೊರಗೆ ಒರೆಸಿ, ಸ್ವಿಚ್ ಹಾಕಿ ನೋಡಿ ಹೋದರೆ ಅದು ಸರ್ವಿಸ್ ಅಲ್ಲ. ತಳದ ತಟ್ಟೆ ಬಿಚ್ಚಿ, ರಾಡ್ ಕೈಗೆ ತೋರಿಸಿ, ಅಂಚಿಗೆ ಹೊಸ ರಬ್ಬರ್ ಗ್ಯಾಸ್ಕೆಟ್ ಹಾಕಿ ಕೂರಿಸಿದರೆ ಮಾತ್ರ ದುಡ್ಡು ಕೊಡಿ.

ಯಾವುದು ರಿಪೇರಿ, ಯಾವುದು ಬದಲಾವಣೆ ಎಂಬುದನ್ನು ಹೀಗೆ ನಿರ್ಧರಿಸಬಹುದು. ಕಾಯಿಲ್, ಥರ್ಮೋಸ್ಟಾಟ್, ರಾಡ್, ಗ್ಯಾಸ್ಕೆಟ್, ವಾಲ್ವ್ ಇವೆಲ್ಲ ಬದಲಿಸುವ ಸಾಮಾನುಗಳು. ಟ್ಯಾಂಕು ಗಟ್ಟಿಯಿದ್ದರೆ ಇವಕ್ಕಾಗಿ ಗೀಸರ್ ಎಸೆಯಬೇಕಿಲ್ಲ. ತಳದ ತಟ್ಟೆಯ ಅಂಚಿನಿಂದ ಹನಿ ಬಿದ್ದರೆ ಅದು ಗ್ಯಾಸ್ಕೆಟ್. ಆದರೆ ಹೊರಗಿನ ಡಬ್ಬಿಯ ಜೋಡಣೆಯಿಂದ ಕಂದು ಗೆರೆ ಇಳಿದಿದ್ದರೆ ಒಳಟ್ಯಾಂಕೇ ಸೋರುತ್ತಿದೆ. ಅದಕ್ಕೆ ಬೆಸುಗೆ, ಎಂ-ಸೀಲ್ ಯಾವುದೂ ನಿಲ್ಲುವುದಿಲ್ಲ. ಬೆಳಿಗ್ಗೆ ಮೊದಲ ಬಾರಿ ನಳ ಬಿಟ್ಟಾಗ ತಣ್ಣೀರು ತಿಳಿಯಾಗಿದ್ದು ಬಿಸಿನೀರು ಮಾತ್ರ ಕೆಂಪಗೆ ಬಂದರೆ ಒಳಟ್ಯಾಂಕಿಗೆ ಜಂಗು ಹಿಡಿದಿದೆ ಎಂದರ್ಥ. ಕಾಯುವಾಗ ಒಳಗಿನಿಂದ ಚಟಚಟ, ಗುಡುಗುಡು ಸದ್ದು ಬಂದರೆ ಸುಣ್ಣ. ನನ್ನ ಅಭಿಪ್ರಾಯದಲ್ಲಿ ಎಂಟು ವರ್ಷ ದಾಟಿದ ಗೀಸರಿಗೆ ಹೊಸದರ ಬೆಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಖರ್ಚು ಬಂದರೆ ರಿಪೇರಿ ಮಾಡಿಸುವುದು ದಂಡ.

ಎರಡು ಲಕ್ಷಣ ಕಂಡರೆ ಮಾತ್ರ ಯೋಚನೆ ಬೇಡ, ಅಂದೇ ಸ್ವಿಚ್ ಆಫ್ ಮಾಡಿಬಿಡಿ. ಒಂದು, ನಳದಿಂದ ನೀರಿನ ಜೊತೆ ಹಬೆ ಬುಸುಗುಡುವುದು. ಥರ್ಮೋಸ್ಟಾಟ್ ಅಂಟಿಕೊಂಡಿದೆ, ಅದಕ್ಕೆ ಬೆಂಬಲವಾಗಿ, ಅತಿ ಬಿಸಿಯಾದಾಗ ಕರೆಂಟು ಕಡಿಯಬೇಕಾದ ಕಟೌಟ್ ಸಹ ಕೆಲಸ ಮಾಡುತ್ತಿಲ್ಲ ಎಂದರ್ಥ. ಇನ್ನೊಂದು, ಗೀಸರ್ ಹಾಕಿದೊಡನೆ, ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುವುದು ಅಥವಾ ನಳ ಮುಟ್ಟಿದಾಗ ಜುಂ ಎನ್ನುವುದು. ಕಾಯಿಲ್ ಬಿರಿದು ಕರೆಂಟು ನೀರಿಗೆ ಇಳಿಯುತ್ತಿದೆ. ಈ ಹಂತದಲ್ಲಿ ಪದೇಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುವುದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ವೈರ್ ಕಳಚಿಸುವುದು ಉಂಟು. ಸ್ನಾನದ ಮನೆಯಲ್ಲಿ ಒದ್ದೆ ಮೈಯಲ್ಲಿ ನಿಂತವರಿಗೆ ಅದೇ ಮರಣದಂಡನೆ. ದಯವಿಟ್ಟು ಯಾವ ವಾಯರ್‌ಮನ್ನನಿಂದಲೂ ಇದನ್ನು ಮಾಡಿಸಬೇಡಿ, ವಾಯರ್‌ಮನ್ ಬಂಧುಗಳೂ ಗಿರಾಕಿ ಒತ್ತಾಯಿಸಿದರೆ ಒಪ್ಪಬೇಡಿ.

ಸೇಫ್ಟಿ ವಾಲ್ವಿನ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ತಣ್ಣೀರು ಒಳಹೋಗುವ ಕಡೆ ಸಣ್ಣ ಹಿಡಿಕೆಯಿರುವ ಹಿತ್ತಾಳೆಯ ವಾಲ್ವ್ ಇರುತ್ತದೆ. ನೀರು ಕಾದಾಗ ಹಿಗ್ಗುತ್ತದೆ. 25 ಲೀಟರ್ 60 ಡಿಗ್ರಿಗೆ ಏರಿದರೆ ಸುಮಾರು 350 ಮಿಲಿಲೀಟರ್, ಅಂದರೆ ಎರಡು ಲೋಟ ಹೆಚ್ಚಾಗುತ್ತದೆ. ವಾಲ್ವ್ ಅದನ್ನು ಹಿಂದಕ್ಕೆ ಬಿಡದ ಕಾರಣ ಕಾಯುವಾಗ ಅದರ ಮೂತಿಯಿಂದ ಹನಿ ಬೀಳುವುದು ಸಹಜ, ಅದು ಕೆಲಸ ಮಾಡುತ್ತಿದೆ ಎಂಬ ಗುರುತು. ಗೋಡೆ ಒದ್ದೆಯಾಗುತ್ತದೆಂದು ಆ ಮೂತಿಗೆ ಡಮ್ಮಿ ಹಾಕಿ ಮುಚ್ಚಿದರೆ ಟ್ಯಾಂಕು ಸಿಡಿಯುವ ದಾರಿ ತೆರೆದಂತೆ. ಒಂದು ತೆಳು ಪೈಪ್ ಜೋಡಿಸಿ ಬಚ್ಚಲಿಗೆ ಇಳಿಬಿಟ್ಟರೆ ಮುಗಿಯಿತು. ಇದೇ ವಾಲ್ವ್ ನೀರು ಹಿಂದಕ್ಕೆ ಹರಿಯದಂತೆಯೂ ತಡೆಯುತ್ತದೆ. ಮೇಲಿನ ಟ್ಯಾಂಕು ಖಾಲಿಯಾದ ದಿನ ಕೆಳಗಿನ ಮನೆಯವರು ನಳ ಬಿಟ್ಟರೆ, ಹಾಳಾದ ವಾಲ್ವಿನ ಮೂಲಕ ಗೀಸರಿನ ನೀರೂ ಹಿಂದಕ್ಕೆ ಜಗ್ಗಿಹೋಗುತ್ತದೆ. ಬರಿದಾದ ಗೀಸರಿಗೆ ಸ್ವಿಚ್ ಹಾಕಿದರೆ ಕಾಯಿಲ್ ನಿಮಿಷಗಳಲ್ಲೇ ಸುಟ್ಟುಹೋಗುತ್ತದೆ. ನಳ ದಿನಗಟ್ಟಲೆ ಬಾರದ ನಮ್ಮ ಊರಲ್ಲಿ ಇದು ಅಪರೂಪವೇನಲ್ಲ. ಹೊಸ ಗೀಸರಿನ ಡಬ್ಬಿಯಲ್ಲಿ ಬರುವ ಹೊಸ ವಾಲ್ವನ್ನೇ ಹಾಕಿಸಿ. ಹಳೆಯದು ಸರಿಯಿದೆ ಎಂದು ಅದನ್ನೇ ಬಿಗಿದು ಹೋಗಲು ಬಿಡಬೇಡಿ.

ಇನ್ನು ಬದಲಿಸುವ ಕೆಲಸ. ಹಿಂದಿನ ರಾತ್ರಿಯೇ ಸ್ವಿಚ್ ಆಫ್ ಮಾಡಿ, ಕಾದ ನೀರು ಕೈಮೇಲೆ ಬೀಳುವುದು ತಪ್ಪುತ್ತದೆ. ಬೋರ್ಡಿನಲ್ಲಿ ಗೀಸರ್ ಲೈನಿನ ಬ್ರೇಕರ್ ಆದ ಎಂಸಿಬಿ ಇಳಿಸಿ, ಸಾಕೆಟ್ಟಿನಲ್ಲಿ ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು, ಗೀಸರಿಗೆ ನೀರು ಬಿಡುವ ಆ್ಯಂಗಲ್ ಕಾಕ್ ಮುಚ್ಚಿ, ಬಿಸಿನೀರಿನ ನಳ ತೆರೆದಿಟ್ಟು, ವಾಲ್ವಿನ ಹಿಡಿಕೆ ಎತ್ತಿ ಒಳಗಿನ ನೀರು ಪೂರ್ತಿ ಇಳಿಸಬೇಕು. 25 ಲೀಟರ್ ಗೀಸರ್ ತುಂಬಿದಾಗ 35 ಕಿಲೋಗೂ ಹೆಚ್ಚು ತೂಗುತ್ತದೆ. ನೀರಿದ್ದಂತೆಯೇ ಇಳಿಸಲು ಹೋಗಿ ಸೊಂಟ ಮುರಿದುಕೊಳ್ಳಬೇಡಿ. ಅಷ್ಟೇ ಭಾರವನ್ನು ಗೋಡೆಯೂ ಹೊರಬೇಕು. ಧಾರವಾಡ, ಗದಗಿನ ಹಳೆಯ ಕಲ್ಲು-ಮಣ್ಣಿನ ಗೋಡೆಗಳಲ್ಲಿ, ನಾಲ್ಕಿಂಚಿನ ಅಡ್ಡಗೋಡೆಗಳಲ್ಲಿ ಗಿಲಾವಿಗೆ ಮಾತ್ರ ಕಚ್ಚಿದ ಬೋಲ್ಟು ಒಂದು ದಿನ ಗೀಸರ್ ಸಮೇತ ಕಳಚುತ್ತದೆ. ಅಂಥ ಕಡೆ ಗೋಡೆಯ ಆಚೆಬದಿಗೆ ಪಟ್ಟಿ ಕೊಟ್ಟು ಈ ಬದಿಯಿಂದ ಆ ಬದಿಗೆ ತೂರುವ ಬೋಲ್ಟ್ ಹಾಕಬೇಕು, ಇಲ್ಲವೇ ಕಬ್ಬಿಣದ ಸ್ಟ್ಯಾಂಡ್ ಮಾಡಿಸಬೇಕು. ಗಟ್ಟಿ ಇಟ್ಟಿಗೆಯ ಗೋಡೆಯಾದರೂ ಹೊಸ ತೂತು ಕೊರೆದು ಹೊಸ ಆ್ಯಂಕರ್ ಬೋಲ್ಟ್ ಹಾಕುವುದೇ ಸರಿ. ತಳದಲ್ಲಿ ಒಂದಡಿಗೆ ಕಡಿಮೆಯಿಲ್ಲದಂತೆ ಜಾಗ ಬಿಡಿ, ನಾಳೆ ರಾಡ್ ತೆಗೆಯುವುದು ಅಲ್ಲಿಂದಲೇ. ಚೆಂದ ಕಾಣಲೆಂದು ಫಾಲ್ಸ್ ಸೀಲಿಂಗಿನ ಮೇಲೆ ಅಡಗಿಸಿಡುವ ಫ್ಯಾಷನ್ ಈಗ ಹೊಸ ಮನೆಗಳಲ್ಲಿ ಬಂದಿದೆ. ಅದು ಸೋರಿದರೆ ಸೀಲಿಂಗು ಉಬ್ಬುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪೇ ಬೇಕು, ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಹೆಣೆದ ತಂತಿಯ ಎರಡೂ ಕನೆಕ್ಷನ್ ಪೈಪುಗಳನ್ನು ಗೀಸರಿನ ಜೊತೆಗೇ ಬದಲಿಸಿ, ಒಳಗಿನ ರಬ್ಬರಿಗೂ ಗೀಸರಿನಷ್ಟೇ ವಯಸ್ಸಾಗಿರುತ್ತದೆ. ಎಲ್ಲ ಜೋಡಿಸಿದ ಮೇಲೆ ಬಿಸಿನೀರಿನ ನಳ ತೆರೆದಿಟ್ಟು ಕಾಕ್ ಬಿಡಿ. ಗಾಳಿ ಪುಸಪುಸ ಎನ್ನುವುದು ನಿಂತು ನೀರು ಒಂದೇ ಧಾರೆಯಾಗಿ ಬಂದಾಗ ಮುಚ್ಚಿ, ಕಾಲು ಗಂಟೆ ಜಾಯಿಂಟುಗಳನ್ನು ಒಣ ಕಾಗದ ಒತ್ತಿ ನೋಡಿ. ಆಮೇಲೆಯೇ ಸ್ವಿಚ್.

ಕರೆಂಟಿನ ಭಾಗವನ್ನು ಇದೇ ಸಂದರ್ಭದಲ್ಲಿ ಸರಿಪಡಿಸದಿದ್ದರೆ ಮತ್ತೆ ಯಾವಾಗಲೂ ಆಗುವುದಿಲ್ಲ. 2000 ವ್ಯಾಟಿನ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, ಥಟ್ಟನೆ ನೀರು ಕಾಯಿಸುವ 3000 ವ್ಯಾಟಿನ ಇನ್‌ಸ್ಟಂಟ್ 13 ಆಂಪಿಯರ್. ಚಿಕ್ಕದಿದೆ, ಅಗ್ಗವಿದೆ ಎಂದು ಹಳೆಯ ಜಾಗದಲ್ಲಿ ಇನ್‌ಸ್ಟಂಟ್ ತಂದು ಅದೇ ವೈರಿಗೆ ಸಿಕ್ಕಿಸುವುದರಿಂದಲೇ ಪ್ಲಗ್ಗು ಕಂದಿ ಕರಗುವುದು. ಮೇನ್ ಬೋರ್ಡಿನಿಂದ ಗೀಸರಿಗೆಂದೇ ಪ್ರತ್ಯೇಕ ಲೈನ್ ಇರಲಿ: ತಾಮ್ರದ 2.5 ಚದರ ಮಿ.ಮೀ. ವೈರ್, ದೂರ ಹೆಚ್ಚಿದ್ದರೆ ಅಥವಾ ಇನ್‌ಸ್ಟಂಟ್ ಆದರೆ 4 ಚದರ ಮಿ.ಮೀ., 16 ಆಂಪಿಯರ್ ಎಂಸಿಬಿ, 16 ಆಂಪಿಯರಿನ ಮೂರು ಪಿನ್ ಸಾಕೆಟ್, ಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಸ್ವಿಚ್ ಸ್ನಾನದ ಮನೆಯ ಹೊರಗಿರಲಿ.

ಅರ್ಥಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನವಲಗುಂದ, ಗದಗ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅರ್ಥ್ ಪೈಪಿನ ಸುತ್ತಲ ಮಣ್ಣೂ ಒಣಗಿ ಪೈಪನ್ನು ಬಿಟ್ಟು ಸರಿಯುತ್ತದೆ. ಮೀಟರ್ ಹಿಡಿದು ಫೇಸಿಗೂ ಅರ್ಥಿಗೂ 230 ವೋಲ್ಟ್ ತೋರಿಸಿ ಅರ್ಥಿಂಗ್ ಸರಿಯಿದೆ ಎನ್ನುವುದು ಸಾಲದು. ಮೀಟರ್ ಎಳೆಯುವ ಕರೆಂಟು ಅತ್ಯಲ್ಪ, ಒಣಗಿದ ಅರ್ಥಿನಲ್ಲೂ ಅದು 230 ತೋರಿಸುತ್ತದೆ. ಅರ್ಥ್ ಟೆಸ್ಟರ್ ಇರುವವರಿಂದ ಅಳೆಸಿ, 5 ಓಮ್ ಒಳಗಿದ್ದರೆ ಒಳ್ಳೆಯದು. ಅರ್ಥ್ ಪೈಪಿನ ಗುಂಡಿಯಲ್ಲಿ ಇದ್ದಿಲು-ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕುವ ಹಳೆಯ ಪದ್ಧತಿ ಎರೆ ನೆಲದಲ್ಲಿ ಈಗಲೂ ಬೇಕು. ಆರ್‌ಸಿಸಿಬಿ ಇದೆಯಲ್ಲ, ಅರ್ಥ್ ಯಾಕೆ ಎಂದು ಕೇಳುವವರಿದ್ದಾರೆ. ಅರ್ಥ್ ಸರಿಯಿದ್ದರೆ ಕಾಯಿಲ್ ಬಿರಿದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಬೀಳುವುದು ಮನುಷ್ಯನ ಮೈಮೂಲಕ ಕರೆಂಟು ಹರಿದ ಮೇಲೆ.

ಯಾವ ಗೀಸರ್ ಕೊಳ್ಳಬೇಕು ಎಂಬುದಕ್ಕೆ ಕಂಪನಿಯ ಹೆಸರಿಗಿಂತ ಮೂರು ಪ್ರಶ್ನೆ ಮುಖ್ಯ: ಕಾಯಿಲ್ ಸುಲಭವಾಗಿ ಜಂಗು ಹಿಡಿಯದ ಇಂಕಲಾಯ್ ಮಿಶ್ರಲೋಹದ್ದೇ ಅಥವಾ ಗಾಜುಲೇಪದ್ದೇ? ಟ್ಯಾಂಕಿನ ಗ್ಯಾರಂಟಿ ಎಷ್ಟು ವರ್ಷ, ಬೋರ್ ನೀರಿಗೂ ಅದು ಅನ್ವಯಿಸುತ್ತದೆಯೇ? ರಾಡ್ ಹುಬ್ಬಳ್ಳಿಯಲ್ಲೇ ಸಿಗುತ್ತದೆಯೇ? ಬೇಸಿಗೆಯಲ್ಲಿ ಹೋದರೆ ಇದನ್ನೆಲ್ಲ ಸಮಾಧಾನದಿಂದ ಕೇಳಬಹುದು, ಅಂಗಡಿಯವರಿಗೂ ಉತ್ತರಿಸಲು ವ್ಯವಧಾನ ಇರುತ್ತದೆ.

ಹೆಚ್ಚು ನೀರು ಬಳಸುವವರು ಹೀಟ್ ಪಂಪ್ ಗೀಸರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದು ಫ್ರಿಜ್ಜಿನ ತಿರುವುಮುರುವು: ಹೊರಗಿನ ಗಾಳಿಯ ಶಾಖ ಹೀರಿ ಕಂಪ್ರೆಸರ್ ಮೂಲಕ ನೀರಿಗೆ ತುಂಬುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನ ಆಸುಪಾಸು ಶಾಖ ಸಿಗುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 18 ಲೀಟರಿನ ನಾಲ್ಕು ಬಕೆಟ್, 20ರಿಂದ 42 ಡಿಗ್ರಿಗೆ ಎಂದರೆ ಸಾದಾ ಗೀಸರಿಗೆ 1.8 ಯೂನಿಟ್, ಚಳಿಗಾಲದ ತಿಂಗಳಿಗೆ 55 ಯೂನಿಟ್. ಹೀಟ್ ಪಂಪಿಗೆ 20ರ ಒಳಗೆ ಮುಗಿಯುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ ಗಡಿಯಲ್ಲಿರುವ ಮನೆಗಳಿಗೆ ಈ ವ್ಯತ್ಯಾಸ ದೊಡ್ಡದು. ಆದರೆ ಅದರ ಬೆಲೆ ಸಾದಾ ಗೀಸರಿನ ಹಲವು ಪಟ್ಟು, 200 ಲೀಟರ್ ಕಾಯಲು ಮೂರು ನಾಲ್ಕು ಗಂಟೆ ಬೇಕು, ಗಾಳಿಯಾಡುವ ಜಾಗವೂ ಬೇಕು. ಚಿಕ್ಕ ಮನೆಗಿಂತ ಧಾರವಾಡದ ಸಪ್ತಾಪುರದಂಥ ಕಡೆಯ ಪಿಜಿ, ಹಾಸ್ಟೆಲ್ಲುಗಳಿಗೆ ಅದು ಹೇಳಿ ಮಾಡಿಸಿದ್ದು. ಈಗಾಗಲೇ ಹಾಕಿಸಿ ಹತ್ತು ವರ್ಷ ದಾಟಿದವರೂ ಅದು ನಿಲ್ಲುವವರೆಗೆ ಕಾಯಬಾರದು. ಮೊದಲಿಗಿಂತ ಒಂದೆರಡು ಗಂಟೆ ಹೆಚ್ಚು ಓಡುತ್ತಿದೆ, ಗಾಳಿಯ ಶಾಖ ಹೀರುವ ರೆಕ್ಕೆಗಳ ಮೇಲೆ ಮಂಜು ಕಟ್ಟುತ್ತಿದೆ ಎಂದರೆ ಫ್ರಿಜ್ಜಿನಲ್ಲಿರುವಂತೆ ಶಾಖ ಸಾಗಿಸುವ ಗ್ಯಾಸ್ ಸೋರಿರಬಹುದು ಅಥವಾ ಒಳಗೆ ಸುಣ್ಣ ಕಟ್ಟಿರಬಹುದು. ಹಳೆಯ ಯಂತ್ರದಲ್ಲಿ ಆರ್-22 ಗ್ಯಾಸ್ ಇದ್ದರೆ ಅದಕ್ಕೆ ಮತ್ತೆ ಮತ್ತೆ ದುಡ್ಡು ಸುರಿಯುವುದು ಬೇಡ. ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದಂತೆ ಭಾರತದಲ್ಲೂ ಆ ಗ್ಯಾಸಿನ ತಯಾರಿಕೆ, ಆಮದು 2030ರೊಳಗೆ ಬಹುತೇಕ ನಿಲ್ಲಬೇಕಿದೆ, ವರ್ಷದಿಂದ ವರ್ಷಕ್ಕೆ ಸಿಗುವುದು ಕಷ್ಟವಾಗುತ್ತದೆ.

ಗ್ಯಾಸ್ ಗೀಸರಿನವರಿಗೆ ಒಂದೇ ಮಾತು. ಅದು ಸ್ನಾನದ ಮನೆಯ ಒಳಗಿದ್ದರೆ ಹಳೆಯದಿರಲಿ ಹೊಸದಿರಲಿ, ಇಂದೇ ಹೊರಗೆ ಹಾಕಿಸಿ. ಮುಚ್ಚಿದ ಬಾಗಿಲೊಳಗೆ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ.

ಮಹಾನಗರ ಪಾಲಿಕೆ, ನಗರಸಭೆಗಳಿಂದ ಎರಡು ಕೆಲಸ ಆಗಬೇಕು. ವಾರ್ಡುವಾರು ಬೋರ್ ನೀರಿನ ಗಡಸುತನವನ್ನು ಅಳೆದು ಜನರಿಗೆ ತಿಳಿಸಲಿ, ಯಾವ ಬಡಾವಣೆಯವರು ರಾಡನ್ನು ವರ್ಷಕ್ಕೊಮ್ಮೆ ನೋಡಬೇಕೆಂಬುದು ಅದರಿಂದಲೇ ಗೊತ್ತಾಗುತ್ತದೆ. ಪಿಜಿಗಳಿಗೆ ಪರವಾನಗಿ ಕೊಡುವಾಗ ಪ್ರತಿ ಸ್ನಾನದ ಮನೆಯ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಪರೀಕ್ಷೆಯ ವರದಿ ಕೇಳಲಿ. ಊರು ಬಿಟ್ಟು ಓದಲು ಬಂದ ಮಕ್ಕಳು ಅಲ್ಲಿದ್ದಾರೆ. ಗೀಸರ್ ಕೂರಿಸುವವರಲ್ಲೂ ಒಂದು ಕೋರಿಕೆ: ಕೂರಿಸಿದ ತಿಂಗಳು-ವರ್ಷವನ್ನು, ರಾಡ್ ನೋಡಬೇಕಾದ ಮುಂದಿನ ತಿಂಗಳನ್ನು ಮಾರ್ಕರಿನಿಂದ ಗೀಸರಿನ ಮೈಮೇಲೆ ಕಣ್ಣಿಗೆ ಕಾಣುವಂತೆ ಬರೆದು ಹೋಗಿ.

ಇಳಿಸಿದ ಹಳೆ ಗೀಸರನ್ನು ಇನ್ನೂ ಕಾಯುತ್ತದಲ್ಲ ಎಂದು ಮನೆಕೆಲಸದವರಿಗೋ ಹಳ್ಳಿಯ ನೆಂಟರಿಗೋ ಕೊಡಬೇಡಿ. ಅರ್ಥಿಂಗ್, ಆರ್‌ಸಿಸಿಬಿ ಎರಡೂ ಇಲ್ಲದ ಮನೆಗೇ ಅದು ಹೋಗಿ ಸೇರುತ್ತದೆ. ವೈರನ್ನು ಬುಡದಲ್ಲೇ ಕತ್ತರಿಸಿ, ಕಾಯಿಲ್ ತೆಗೆಸಿ, ಆಮೇಲೆ ಗುಜರಿಗೆ ಹಾಕಿ.

ಇಂತಿ,
ವಿದ್ಯುತ್ ಉಪಕರಣ ದುರಸ್ತಿಗಾರ
ನವನಗರ, ಹುಬ್ಬಳ್ಳಿ